ಹದಿನೇಳನೆಯ ಗೀರು

“ನಿಧಾನಕ್ಕೆ ಎಳೀರಿ ಮೇಡಂ, ಇನ್ನೂ ನಿಧಾನಕ್ಕೆ” ಎಂದ ಅಂಗಡಿಯವನು. ಬೇಗ ಎಳೆದರೆ ಎಲ್ಲ ಪೆನ್ನೂ ಸಾಚಾನೇ, ನಿಧಾನಕ್ಕೆ ಓರೆಯಾಗಿ ಎಳೆದಾಗಲೇ ಬಣ್ಣ ಬಯಲಾಗುವುದು ಎಂಬುದು ಅವನ ಸಿದ್ಧಾಂತ. ಅವಳು ಟ್ಯಾಬಿನ ಗಾಜಿನ ಮೇಲೆ ಪ್ಲಾಸ್ಟಿಕ್ ಅಳತೆಪಟ್ಟಿ ಇಟ್ಟು, ಅದಕ್ಕೆ ಒತ್ತಿಕೊಂಡು ಪೆನ್ನು ಸರಿಸಿದಳು. ಪಟ್ಟಿ ನೇರವಾಗಿತ್ತು, ಕೈಯೂ ನೇರವಾಗಿತ್ತು, ಆದರೂ ಪರದೆಯ ಮೇಲೆ ಗೀಟು ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಅಂಗಡಿಯವನು ಹುಬ್ಬೇರಿಸಿದ. ತಾನು ಮಾರುವ ಮಾಲಿನ ಹುಳುಕನ್ನು ತಾನೇ ತೋರಿಸುವುದರಲ್ಲಿ ಅವನಿಗೆ ಎಂಥದೋ ಖುಷಿ ಇದ್ದಂತಿತ್ತು. ಐವತ್ತು ದಾಟಿದ ಮನುಷ್ಯ, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದ. ಮುಂಚೆ ಗಡಿಯಾರ ರಿಪೇರಿ ಮಾಡುತ್ತಿದ್ದನಂತೆ, ಈಗ ಯಾರ ಕೈಯಲ್ಲೂ ಕೆಡುವಂಥ ಗಡಿಯಾರವೇ ಇಲ್ಲ ಅಂತ ಈ ವ್ಯಾಪಾರಕ್ಕೆ ಇಳಿದನಂತೆ. ಅವಳು ಆ ಪೆನ್ನನ್ನು ಬದಿಗಿಟ್ಟು, ಸಂಸ್ಥೆಯ ಟ್ಯಾಬಿನಲ್ಲಿ ತನ್ನ ಹಳೆಯ ಪೆನ್ನಿನಿಂದ ‘ಎರಡನೆಯದು: ನಿಧಾನಕ್ಕೆ ಎಳೆದರೆ ಗೀಟು ನಡುಗುತ್ತದೆ’ ಎಂದು ಬರೆದುಕೊಂಡಳು. ಅಕ್ಷರಗಳು ಒಂದೇ ಎತ್ತರಕ್ಕೆ ಸಾಲಾಗಿ ನಿಂತವು. ಅವನು ಬಗ್ಗಿ ನೋಡಿ, ಅಚ್ಚು ಹಾಕಿದ ಹಾಗಿದೆಯಲ್ಲ ಮೇಡಂ ಎಂದು ಹೊಗಳಿದ. ಈ ಮಾತನ್ನು ಅವಳು ಬುದ್ಧಿ ಬಂದಾಗಿನಿಂದ ಕೇಳಿಸಿಕೊಂಡು ಬಂದವಳು. ಮೂರು ವಾರದಿಂದ ಮಾತ್ರ ಅದನ್ನು ಕೇಳಿದಾಗೆಲ್ಲ ಕಿವಿ ಬಿಸಿಯಾಗುತ್ತದೆ.

ನಿಮ್ಮದು ಏನು ಕೆಲಸ ಎಂದು ಅವನು ಕೇಳಿದ್ದಕ್ಕೆ, ಗಾಯಗಳ ಚಿತ್ರ ಬರೆಯುತ್ತೇನೆ ಅಂದುಬಿಟ್ಟಳು. ಆಸ್ಪತ್ರೆಯಲ್ಲೇನು ಎಂದ. ಅಲ್ಲ, ಸಂಗ್ರಹಾಲಯದಲ್ಲಿ, ಹಳೆಯ ವರ್ಣಚಿತ್ರಗಳ ಗಾಯ ಎಂದು ತಿದ್ದಿದಳು. ಬೇರೆ ಊರಿನಿಂದ ಪ್ರದರ್ಶನಕ್ಕೆಂದು ಎರವಲು ತಂದ ಚಿತ್ರ ಪೆಟ್ಟಿಗೆಯಿಂದ ಹೊರಬಂದ ಕೂಡಲೇ ಅದರ ಮೈಮೇಲಿನ ಒಂದೊಂದು ಬಿರುಕು, ಒಂದೊಂದು ಕಲೆ, ಬಣ್ಣ ಎದ್ದ ಜಾಗ, ಹುಳ ಕೊರೆದ ತೂತು ಎಲ್ಲವನ್ನೂ ಟ್ಯಾಬಿನಲ್ಲಿ ಅದರ ಫೋಟೋದ ಮೇಲೆ ಗುರುತು ಮಾಡಿ, ನಂಬರು ಹಾಕಿ, ಅಳತೆ ಬರೆಯುವುದು ಅವಳ ಕೆಲಸ. ಚಿತ್ರ ವಾಪಸು ಹೋಗುವಾಗ ಅದೇ ನಕ್ಷೆ ಹಿಡಿದು ತಾಳೆ ನೋಡುತ್ತಾರೆ, ಬಂದಾಗ ಇಲ್ಲದ ಗಾಯ ಹೋಗುವಾಗ ಇದೆಯೇ ಎಂದು. ಅದಕ್ಕೇ ಪೆನ್ನು ನಿಖರವಾಗಿರಬೇಕು. ಕಾಗದ ಪೆನ್ಸಿಲಿನ ಕಾಲ ಹೋಗಿ ಟ್ಯಾಬು ಬಂದಾಗ ಸಂಸ್ಥೆಯವರು ಕೊಟ್ಟಿದ್ದು ತುದಿಗೆ ರಬ್ಬರಿನ ಗುಂಡು ಇದ್ದ ಪೆನ್ನು. ಅದರಲ್ಲಿ ಬರೆಯುವುದೂ ಒಂದೇ, ಹೆಬ್ಬೆರಳಿಗೆ ಮಸಿ ಬಳಿದುಕೊಂಡು ಒತ್ತುವುದೂ ಒಂದೇ. ಕೂದಲೆಳೆಯ ಬಿರುಕಿಗೆ ಹಗ್ಗದಷ್ಟು ದಪ್ಪದ ಗೀಟು ಬೀಳುತ್ತಿತ್ತು. ಉಳಿದವರು ಅದರಲ್ಲೇ ಸಂಸಾರ ಮಾಡಿಕೊಂಡಿದ್ದರು. ಅವಳಿಗೆ ಆಗಲಿಲ್ಲ. ಆರು ತಿಂಗಳು ಅಂಗಡಿ ಅಂಗಡಿ ತಿರುಗಿ, ಸೂಜಿಯಂಥ ಗಟ್ಟಿ ತುದಿಯ ಪೆನ್ನೊಂದನ್ನು ಸ್ವಂತಕ್ಕೆ ಕೊಂಡುಕೊಂಡಳು. ಗಟ್ಟಿ ತುದಿಯ ಯಾವುದನ್ನೂ ಚಿತ್ರದ ಹತ್ತಿರ ತರಬಾರದು, ಕಣ್ಣೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಒಂದು ಗೇಣು ದೂರ ಇರಬೇಕು ಎಂಬ ನಿಯಮ ಗೋಡೆಯ ಮೇಲೆ ದಪ್ಪಕ್ಷರದಲ್ಲಿತ್ತು. ಆ ನಿಯಮ ಕೈ ಹಿಡಿತದಲ್ಲಿಲ್ಲದವರಿಗೆ ಎಂದು ಅವಳು ಒಳಗೊಳಗೇ ಅಂದುಕೊಂಡಿದ್ದಳು. ಆಗಿನಿಂದಲೇ ಆಫೀಸಿನಲ್ಲಿ ಅವಳಿಗೆ ಸೂಜಿ ಮೇಡಂ ಎಂದು ಹೆಸರು ಬಿತ್ತು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ಆದರೆ ಅವಳಿಗೆ ಗೊತ್ತಿತ್ತು, ಮತ್ತು ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಇಷ್ಟವಾಗಿತ್ತು.

ಮೂರನೆಯ ಪೆನ್ನಿನಲ್ಲಿ ಗೀಟು ನೇರವಾಗಿ ಬಂತು, ಆದರೆ ತುದಿ ಒಂದು ಕಡೆ, ಗೀಟು ಒಂದು ಕಡೆ. ನಿಬ್ಬಿಗೂ ಮಸಿಗೂ ನಡುವೆ ಸಾಸಿವೆಯಷ್ಟು ಸಂದು. ನಾಲ್ಕನೆಯದರಲ್ಲಿ ಅಂಗೈ ಊರಿದ ಕಡೆಯೆಲ್ಲ ಚುಕ್ಕೆ ಬಿದ್ದವು. ಅವನು ಸುಮ್ಮನೆ ಏನಾದರೂ ಬರೆಯಿರಿ, ಗೀಟೊಂದೇ ಸಾಲದು, ಕೈ ಬಿಟ್ಟು ಬರೆದರೆ ಗೊತ್ತಾಗುತ್ತೆ ಅಂದ. ಕೈ ಬಿಟ್ಟಳು. ಒಂದು ಸಣ್ಣ ಗೀರು ಬಂತು, ಎಡದಿಂದ ಬಲಕ್ಕೆ ಸ್ವಲ್ಪ ಇಳಿಜಾರಾಗಿ, ಕೊನೆಗೆ ಕೊಕ್ಕೆಯ ಹಾಗೆ ಮೇಲಕ್ಕೆ ತಿರುಗಿ. ಅಳಿಸಿ ಇನ್ನೊಂದು ಸಲ ಬರೆದಳು. ಅದೇ ಬಂತು. ಹೂವು ಬರೆಯೋಣ, ಮನೆ ಬರೆಯೋಣ ಅಂದುಕೊಂಡರೂ ಕೈ ಅದನ್ನೇ ಎಳೆಯಿತು. ಎಂಟು ಮಿಲಿಮೀಟರು. ಅಳೆಯಬೇಕಾಗಿರಲಿಲ್ಲ. ಮೂರು ವಾರದ ಹಿಂದೆ ಪೆಟ್ಟಿಗೆಯಿಂದ ಹೊರಬಂದ ಆ ಚಿತ್ರದಲ್ಲಿ ಒಬ್ಬ ಹೆಂಗಸು ಕಿಟಕಿಯ ಪಕ್ಕ ಕೂತು ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದಳು, ಮೊಣಕೈಯ ಹಿಂದೆ ಕತ್ತಲೆಯಂಥ ಕಂದು ಬಣ್ಣ. ಪ್ಯಾಕಿಂಗ್ ವಿಭಾಗದ ಮಾಮ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದಿದ್ದ. ಹಾಗೆ ಹಿಡಿದರೆ ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗಿ, ಇಲ್ಲವೆಂದುಕೊಂಡ ಬಿರುಕೂ ಎದ್ದು ಕಾಣುತ್ತದೆ. ನಿರ್ದೇಶಕರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವನು ಮಾಮನೇ. ಮೂವತ್ತೊಂದು ವರ್ಷದ ಸರ್ವಿಸು. ಅರ್ಧ ಗಂಟೆ ಹಿಡಿದು ನಿಂತರೂ ಬೆಳಕು ಕೂದಲಷ್ಟು ಅಲುಗುತ್ತಿರಲಿಲ್ಲ. ನಮ್ಮಲ್ಲಿ ಸ್ಟ್ಯಾಂಡು ಯಾಕೆ, ಮಾಮನ ಕೈ ಇದೆಯಲ್ಲ ಎಂದು ಹೊರಗಿನವರೆದುರು ಹೇಳಿಕೊಳ್ಳುತ್ತಿದ್ದರು. ಹದಿನಾರು ಗುರುತು ಮುಗಿದಿತ್ತು. ಮೊಣಕೈ ಹತ್ತಿರ ಏನೋ ಕಂಡ ಹಾಗಾಯ್ತಲ್ಲ ಮಗಳೇ ಎಂದ ಮಾಮ. ಎಲ್ಲಿ, ಇಲ್ಲೇನಾ ಎಂದು ಅವಳು ಪೆನ್ನು ಚಾಚಿದಳು. ಅಷ್ಟರಲ್ಲಿ ಮಾಮನಿಗೆ ಕೆಮ್ಮು ಬಂತು. ಚಿತ್ರದ ಕಡೆಗೆ ಕೆಮ್ಮಬಾರದೆಂದು ಮುಖವನ್ನು ಪೂರ್ತಿ ಆಚೆಗೆ ತಿರುಗಿಸಿದ. ಟಾರ್ಚು ಮಾತ್ರ ಅಲ್ಲೇ ಇತ್ತು, ಅಲುಗದೆ. ಆ ಅಲುಗದ ಬೆಳಕಿನಲ್ಲೇ ಅವಳ ಪೆನ್ನಿನ ತುದಿ ತಾಗಿತು.

ತಾಗಿತು ಅನ್ನುವುದೂ ದೊಡ್ಡ ಮಾತು. ಕೈಗೆ ಏನೂ ತಿಳಿಯಲಿಲ್ಲ. ಕಣ್ಣಿಗೆ ಮಾತ್ರ ಕಂದು ಬಣ್ಣದ ಮೇಲೆ ಒಂದು ತಿಳಿ ಎಳೆ ಕಂಡಿತು, ಒಂದು ಕ್ಷಣದ ಹಿಂದೆ ಅಲ್ಲಿಲ್ಲದ್ದು. ಆಮೇಲೆ ಅವಳು ಮಾಡಿದ್ದನ್ನು ಬೇರೆ ಯಾವ ಕಸುಬಿನವರೂ ಮಾಡುತ್ತಿರಲಿಲ್ಲ. ಗೀರು ಕಂಡ ತಕ್ಷಣ ಅವಳ ಕೈ ತಾನಾಗಿ ಟ್ಯಾಬಿಗೆ ಬಂದು ಅದನ್ನು ಬರೆದುಬಿಟ್ಟಿತು, ಕೊಕ್ಕೆಯ ಸಮೇತ. ಹದಿನೇಳು. ಹೊಸ ಗೀರು. ಉದ್ದ ಎಂಟು ಮಿಲಿಮೀಟರು. ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಷ್ಟು ವರ್ಷ ಕಂಡದ್ದನ್ನೆಲ್ಲ ಬರೆದ ಕೈಗೆ ಬಿಡುವುದು ಗೊತ್ತಿರಲಿಲ್ಲ. ಆಮೇಲೆ ಟ್ಯಾಬು ಎಂದಿನಂತೆ ಕಾರಣ ಕೇಳಿತು. ಅದರಲ್ಲಿ ನಾಲ್ಕೇ ಉತ್ತರ: ಹಳೆಯದು, ಸಾಗಣೆಯಲ್ಲಿ, ಬಿಚ್ಚುವಾಗ, ತಿಳಿಯದು. ಅವಳು ನಾಲ್ಕನೆಯದನ್ನು ಒತ್ತಿದಳು. ಮಾಮ ಮುಖ ಈಚೆಗೆ ತಿರುಗಿಸಿ, ಏನಾದ್ರೂ ಸಿಕ್ತಾ ಎಂದ. ಹೂಂ, ಒಂದು ಗೀರು ಅಂದಳು. ಅವನು ಬಗ್ಗಿ ನೋಡಿ, ಹೌದಲ್ಲ, ಅಯ್ಯೋ ಪಾಪ ಎಂದು ಚಿತ್ರದ ಹೆಂಗಸಿನ ಬಗ್ಗೆ ಲೊಚಗುಟ್ಟಿದ. ಇಬ್ಬರೂ ರುಜು ಹಾಕಿದರು. ಗೀರು ನಿಜ, ಜಾಗ ನಿಜ, ಅಳತೆ ನಿಜ. ಇಡೀ ವರದಿಯಲ್ಲಿ ಸುಳ್ಳು ಎಂದರೆ ಒಂದೇ ಪದ, ಅದನ್ನೂ ಅವಳು ಬರೆದಿರಲಿಲ್ಲ, ಒತ್ತಿದ್ದಳು ಅಷ್ಟೆ. ಮೊದಲ ವಾರವೆಲ್ಲ ಅವಳು ಈ ಅಷ್ಟೆಯನ್ನೇ ಹಿಡಿದುಕೊಂಡು ಓಡಾಡಿದಳು.

ಯಾವುದೂ ಸರಿಬರುತ್ತಿಲ್ಲವಾ ಎಂದು ಅಂಗಡಿಯವನು ಕೇಳಿದ. ಮುಖ ನೋಡಿದರೆ ಹುಡುಗಿಗೆ ಗಂಡು ನೋಡುತ್ತಿರುವ ಹಾಗಿದೆ ಎಂದು ತಮಾಷೆ ಮಾಡಿದ. ಅವಳು ನಗಲು ನೋಡಿದಳು. ಆರು ಪೆನ್ನು ಬೇಕು, ಇಡೀ ವಿಭಾಗಕ್ಕೆ, ಎಲ್ಲವೂ ಒಂದೇ ಥರ ಇರಬೇಕು, ನೀನೇ ಆರಿಸು ಅಂದಿದ್ದಾರೆ ಎಂದಳು. ಆರಿಸು ಅಂದದ್ದು ಹೇಗೆ ಎಂಬುದನ್ನು ಹೇಳಲಿಲ್ಲ. ಎರವಲು ಕೊಟ್ಟ ಊರಿನವರು ಕಳಿಸಿದ ವರದಿಯಲ್ಲಿ ಹದಿನಾರೇ ಗಾಯವಿತ್ತು, ಹದಿನೇಳನೆಯದು ಇರಲಿಲ್ಲ. ಮಾರನೆಯ ದಿನವೇ ಮೇಲಧಿಕಾರಿಯ ಕೋಣೆಯಲ್ಲಿ ಸಭೆ ಕರೆದರು. ಮೇಲಧಿಕಾರಿ ಮೆದು ಮಾತಿನ ಹೆಂಗಸು, ಯಾರನ್ನೂ ಬೈದವರಲ್ಲ. ಗೋಡೆಯ ಪರದೆಯ ಮೇಲೆ ಅವಳ ನಕ್ಷೆಯನ್ನು ದೊಡ್ಡದು ಮಾಡಿ ತೋರಿಸಿದರು. ಎಂಟು ಮಿಲಿಮೀಟರಿನ ಗೀರು ಮೊಳದುದ್ದ ಆಗಿ ನಿಂತಿತು. ಪಟ್ಟಿ ಬಿಚ್ಚುವಾಗ ಬಕಲು ತಾಗಿತಾ, ಮೂಲೆಯ ಮರ ಸವರಿತಾ ಎಂದು, ಪೆಟ್ಟಿಗೆ ಬಿಚ್ಚಿದ್ದ ಮಾಮನನ್ನು ಕೇಳಿದರು. ನನ್ನ ಕೈಯಿಂದ ಆಗಿಲ್ಲ ಅಂದ ಮಾಮ. ಸ್ವಲ್ಪ ಹೊತ್ತು ಪರದೆ ನೋಡಿದ. ಆಗಿಲ್ಲ ಅನ್ನಿಸುತ್ತೆ ಅಂದ. ಇನ್ನೂ ಸ್ವಲ್ಪ ಹೊತ್ತು ನೋಡಿ, ಆಗಿದ್ರೂ ಆಗಿರಬಹುದು ಅಂದ. “ಮೇಡಂ ಗುರುತು ಹಾಕಿದಾರೆ ಅಂದ್ರೆ ಇದ್ದೇ ಇರುತ್ತೆ. ಅವರು ಇಲ್ಲದ್ದನ್ನ ಬರೆಯೋರಲ್ಲ.” ಆಗ ಅವಳು ಬಾಯಿ ತೆರೆಯಬಹುದಿತ್ತು. ನೀರಿನ ಲೋಟಕ್ಕೆ ಕೈ ಚಾಚಿದಳು. ನೀರು ಕುಡಿದು ಮುಗಿಸುವಷ್ಟರಲ್ಲಿ ಮಾತು ಮುಂದೆ ಹೋಗಿತ್ತು. ವಯಸ್ಸಾಯಿತು, ಇನ್ನೊಂದು ವರ್ಷ ಇದೆ, ಆರಾಮಾಗಿ ಕೂತು ಮಾಡುವ ಕೆಲಸ ಕೊಡೋಣ ಎಂದು ಮಾಮನನ್ನು ಬಾಗಿಲ ಬಳಿ ಪ್ರೇಕ್ಷಕರ ಚೀಲ ಇಟ್ಟುಕೊಳ್ಳುವ ಕೌಂಟರಿಗೆ ಹಾಕಿದರು. ಆಮೇಲೆ ಮೇಲಧಿಕಾರಿ ಅವಳ ಕಡೆ ತಿರುಗಿ, ನಿಮ್ಮಂಥ ಕೈ ಎಲ್ಲರಿಗೂ ಇರಲ್ಲ, ನಿಮ್ಮಂಥ ಪೆನ್ನಾದರೂ ಇರಲಿ, ನೀವೇ ಆರಿಸಿಕೊಡಿ ಎಂದರು. ಎಲ್ಲರೂ ಅವಳ ಕಡೆ ನೋಡಿ ತಲೆಯಾಡಿಸಿದರು. ಮಾಮನೂ ತಲೆಯಾಡಿಸಿದ.

ಇವತ್ತು ಬೆಳಿಗ್ಗೆ ಗಂಡನಿಗೆ ಹೇಳಿಬಿಡಬೇಕೆಂದು ಅಡುಗೆಮನೆಗೆ ಹೋಗಿ ನಿಂತಿದ್ದಳು. ಅವನು ಷರ್ಟಿಗೆ ಇಸ್ತ್ರಿ ಹಾಕುತ್ತ, ಒಂದು ಪೆನ್ನಿಗೋಸ್ಕರ ಮೂರು ವಾರದಿಂದ ಮುಖ ಊದಿಸಿಕೊಂಡಿದ್ದೀಯಲ್ಲ, ನಮ್ಮ ಮದುವೆಗೂ ನೀನು ಇಷ್ಟು ಯೋಚನೆ ಮಾಡಲಿಲ್ಲ ಎಂದ. ಒಳ್ಳೆಯ ಮನುಷ್ಯ. ಅವಳು ನಕ್ಕಳು, ಅವನಿಗೆ ಸಮಾಧಾನವಾಯಿತು, ಅಲ್ಲಿಗೆ ಮುಗಿಯಿತು. ಜನ ಕೊಡುವ ತಪ್ಪು ಕಾರಣಗಳನ್ನು ಹಾಗೇ ಇಟ್ಟುಕೊಳ್ಳುವುದು ಎಷ್ಟು ಸುಲಭ ಎಂದು ಅವಳಿಗೇ ಆಶ್ಚರ್ಯ. ಶಾಲೆಯಲ್ಲಿ ಲೆಕ್ಕದ ಟೀಚರು ಒಬ್ಬರಿದ್ದರು, ತಪ್ಪು ಲೆಕ್ಕವನ್ನೂ ಅಂದವಾಗಿ ಬರೆದಿದ್ದರೆ ಅರ್ಧ ಅಂಕ ಕೊಡುತ್ತಿದ್ದರು. ಹತ್ತು ವರ್ಷದವಳಿಗೆ ಅದು ದೊಡ್ಡ ಶೋಧವಾಗಿತ್ತು. ಲೆಕ್ಕ ಬರದ ದಿನ ಅವಳು ಅಡಿಗೀಟನ್ನು ಎರಡು ಬಣ್ಣದಲ್ಲಿ ಎಳೆಯುತ್ತಿದ್ದಳು. ಅಮ್ಮ ಬಂದವರಿಗೆಲ್ಲ ಆ ಪುಸ್ತಕ ತೆಗೆದು ತೋರಿಸುತ್ತಿದ್ದಳು, ಒಳಗೆ ಕೆಂಪು ಇಂಕಿನ ತಪ್ಪುಗಳಿದ್ದರೂ ಯಾರೂ ಓದುತ್ತಿರಲಿಲ್ಲ. ಎಷ್ಟು ಓರಣ, ಎಷ್ಟು ಓರಣ ಎನ್ನುತ್ತಿದ್ದರು. ಆ ಓರಣದ ಮರೆಯಲ್ಲೇ ತಾನು ಬೆಳೆದದ್ದು ಎಂದು ಈಗ ಅನ್ನಿಸಿ, ಅಂಗಡಿಯ ಸ್ಟೂಲಿನ ಮೇಲೆ ಕೂತವಳು ಪರದೆಯ ಮೇಲಿನ ಗೀರನ್ನು ಅಳಿಸಿಹಾಕಿದಳು.

ಆದರೂ ಒಂದು ಆಸೆ ಉಳಿದಿತ್ತು, ಅದನ್ನು ಅವಳು ಯಾರಿಗೂ ಕಾಣದಂತೆ ಕಾಪಾಡಿಕೊಂಡು ಬಂದಿದ್ದಳು. ತನ್ನ ಪೆನ್ನಿನ ನಿಬ್ಬು ಪ್ಲಾಸ್ಟಿಕ್ಕಿನದು. ನೂರಾರು ವರ್ಷ ಒಣಗಿದ ವಾರ್ನಿಷ್ಷಿಗೆ ಪ್ಲಾಸ್ಟಿಕ್ಕು ಏನು ಮಾಡೀತು. ಗೀರು ಮೊದಲೇ ಇದ್ದು, ಮೇಲೆ ಧೂಳು ಕೂತಿದ್ದು, ಅವಳ ಪೆನ್ನು ಬರೀ ಧೂಳನ್ನು ಸರಿಸಿದ್ದಿರಬಹುದು. ಮಾಮನಿಗೂ ಏನೋ ಕಂಡ ಹಾಗಾಗಿತ್ತಲ್ಲ. ರಾತ್ರಿ ಮಲಗುವ ಮುಂಚೆ ಈ ಮಾತನ್ನು ಒಂದು ಸಲ ಹೇಳಿಕೊಂಡರೆ ನಿದ್ದೆ ಬರುತ್ತಿತ್ತು. ಅಂಗಡಿಯವನು ಅಷ್ಟರಲ್ಲಿ, ನಿಮ್ಮ ಹಳೇ ಪೆನ್ನು ಕೊಡಿ ನೋಡೋಣ, ಅದರ ಜೋಡಿಯೇ ಹುಡುಕಿದರಾಯಿತು ಎಂದ. ಅವಳು ಚೀಲದಿಂದ ತೆಗೆದು ಕೊಟ್ಟಳು. ಗಡಿಯಾರದ ಕಾಲದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಅವನು ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ನಗಲು ಶುರುಮಾಡಿದ.

“ಇದೇನು ಮೇಡಂ, ಪೆನ್ನೋ ದಬ್ಬಳವೋ? ನಿಬ್ಬು ಒಂದು ಕಡೆ ಪೂರ್ತಿ ಸವೆದು ಒಳಗಿನ ಲೋಹ ಆಚೆ ಬಂದಿದೆ.”

ಆರು ತಿಂಗಳಿಗೊಮ್ಮೆ ನಿಬ್ಬು ಬದಲಾಯಿಸಬೇಕು, ಯಾರೂ ಹೇಳಲಿಲ್ಲವಾ ಎಂದ. ಹೇಳಿದ್ದರು, ಡಬ್ಬಿಯ ಮೇಲೂ ಬರೆದಿತ್ತು. ಅವಳು ಒಂದೂವರೆ ವರ್ಷ ಬದಲಾಯಿಸಿರಲಿಲ್ಲ, ಯಾಕೆಂದರೆ ಸವೆದಷ್ಟೂ ಅದು ಅವಳ ಕೈಯ ಓರೆಗೆ ಸರಿಯಾಗಿ ಕೂತು ಇನ್ನೂ ಸಣ್ಣ ಗೀಟು ಬರುತ್ತಿತ್ತು. ಅವನು ಪಾಠ ಮಾಡುವ ಉತ್ಸಾಹದಲ್ಲಿ ಮೇಜಿನ ಮೇಲಿದ್ದ ಒಂದು ಕಪ್ಪು ಡಬ್ಬಿಯ ಮುಚ್ಚಳ ತೆಗೆದುಕೊಂಡು, ಪೆನ್ನನ್ನು ಅದರ ಮೇಲೆ ಹಾಗೇ ಆಡಿಸಿದ. ಒತ್ತಲಿಲ್ಲ. ಹೊಳೆಯುವ ಕಪ್ಪಿನ ಮೇಲೆ ಒಂದು ತಿಳಿ ಎಳೆ ಉಳಿಯಿತು. ಅದೇ ದಪ್ಪ. ಒಂದು ಅಂಚು ಚೂಪು, ಇನ್ನೊಂದು ಅಂಚು ಸ್ವಲ್ಪ ಮಸುಕು. ಗಾಯಗಳನ್ನು ಗುರುತು ಹಿಡಿಯುವುದೇ ಕಸುಬಾದವಳಿಗೆ ಇದನ್ನು ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಬರೀ ತಾಗಿದರೂ ಬೀಳುತ್ತಾ ಎಂದು ಕೇಳಿದಳು. ತಾಗಿದರೆ ಸಾಕು ಎಂದ ಅವನು, ಮುಚ್ಚಳವನ್ನು ಅಂಗಿಗೆ ಒರೆಸಿ ನೋಡಿ, ಹೋಗಲ್ಲ ಇದು ಅಂದ.

ಕೊನೆಯಲ್ಲಿ ಕೊಟ್ಟ ಪೆನ್ನು ಒಳ್ಳೆಯದಿತ್ತು. ನಿಧಾನಕ್ಕೆ ಎಳೆದರೂ ಗೀಟು ನಡುಗಲಿಲ್ಲ, ತುದಿ ಇದ್ದಲ್ಲೇ ಮಸಿ ಇತ್ತು, ಅಂಗೈ ಊರಿದರೂ ಚುಕ್ಕೆ ಬೀಳಲಿಲ್ಲ, ನಿಬ್ಬು ಮೆತ್ತಗಿತ್ತು. ಇಂಥ ಪೆನ್ನೂ ಇದೆ ಎಂದು ಒಂದೂವರೆ ವರ್ಷದ ಹಿಂದೆ ಗೊತ್ತಿದ್ದರೆ ಎಂದು ಮನಸ್ಸು ಒಂದು ಹೆಜ್ಜೆ ಇಟ್ಟಿತು, ಅವಳು ಅದನ್ನು ಅಲ್ಲೇ ತಡೆದಳು. ಇನ್ನೊಂದು ಕಾರಣ ಹುಡುಕುತ್ತಿದೆ ಅದು. ಸದ್ಯಕ್ಕೆ ಮಾದರಿಗೆಂದು ಒಂದು ಕೊಂಡು, ಉಳಿದ ಐದಕ್ಕೆ ಆಫೀಸಿನಿಂದ ಪತ್ರ ಬರುತ್ತದೆ ಎಂದು ಹೇಳಿ ಹೊರಬಿದ್ದಳು. ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು ಚೆನ್ನಾಗಿತ್ತು, ಜನ ತಮ್ಮ ತಮ್ಮ ಪಾಡಿಗೆ ಹೋಗುತ್ತಿದ್ದರು. ಮೇಲಧಿಕಾರಿಗೆ ಪತ್ರ ಬರೆಯುವುದು ಒಳ್ಳೆಯದು ಎಂದುಕೊಂಡಳು. ವಿಷಯ ಅಂತ ಮೇಲೆ, ಕೆಳಗೆ ಮೂರು ಪ್ಯಾರಾ, ಮೊದಲನೆಯದರಲ್ಲಿ ಘಟನೆ, ಎರಡನೆಯದರಲ್ಲಿ ನಿಬ್ಬಿನ ತಾಂತ್ರಿಕ ವಿವರ, ಬೇಕಾದರೆ ಒಂದು ನಕ್ಷೆ. ರಸ್ತೆ ದಾಟಿ ಆಚೆ ಬದಿಗೆ ಬರುವಷ್ಟರಲ್ಲಿ ಪತ್ರದ ಅಂಚಿಗೆ ಎಷ್ಟು ಜಾಗ ಬಿಡಬೇಕು ಎಂಬಲ್ಲಿಗೆ ಮುಟ್ಟಿದ್ದಳು. ಅಲ್ಲಿ ಅವಳಿಗೆ ತನ್ನ ಮೇಲೆ ಹೇಸಿಗೆ ಬಂತು. ತಪ್ಪೊಪ್ಪಿಗೆಗೂ ಎರಡು ಬಣ್ಣದ ಅಡಿಗೀಟು. ಮೇಲಧಿಕಾರಿ ಅದನ್ನು ಓದಿ, ಎಷ್ಟು ಪ್ರಾಮಾಣಿಕರು ನೀವು ಎಂದು ಹೊಗಳಿದರೂ ಹೊಗಳಿಯಾರು. ಮೊದಲು ಹೇಳಬೇಕಾದವನು ಬಾಗಿಲಲ್ಲೇ ಕೂತಿದ್ದಾನೆ. ಮೂರು ವಾರದಿಂದ ಅವಳು ಹಿಂದಿನ ಗೇಟಿನಿಂದ ಓಡಾಡುತ್ತಿದ್ದಳು.

ಸಂಗ್ರಹಾಲಯದ ಮುಂಬಾಗಿಲಲ್ಲಿ ಐದಾರು ಜನ ಸಾಲು ನಿಂತಿದ್ದರು. ಕೌಂಟರಿನ ಹಿಂದೆ ಮಾಮ ಸ್ಟೂಲಿನ ಮೇಲೆ ಕೂತು, ನಂಬರು ಬರೆದ ಬಿಲ್ಲೆಗಳನ್ನು ಕೊಡುತ್ತಿದ್ದ. ಚೀಲವನ್ನು ತಾನು ಮುಟ್ಟುತ್ತಿರಲಿಲ್ಲ. ಒಳಗೆ ಬಂದು ನೀವೇ ಆ ಖಾನೆಯಲ್ಲಿ ಇಡಿ ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದ. ಒಬ್ಬಳು ವಯಸ್ಸಾದ ಹೆಂಗಸು ಗೊಣಗುತ್ತ ಒಳಗೆ ಬಂದು ತನ್ನ ಕೈಚೀಲ ಇಟ್ಟು ಈಚೆ ಬಂದಳು. ಇವಳು ಸಾಲಿನ ಪಕ್ಕದಿಂದ ಕೌಂಟರಿನ ಮೂಲೆಗೆ ಹೋಗಿ ನಿಂತಳು. ಬಾ ಮಗಳೇ, ಈ ಕಡೆಯಿಂದ ಬಂದಿದ್ದೀಯಲ್ಲ ಇವತ್ತು ಎಂದು ಮಾಮ ಮುಖ ಅರಳಿಸಿದ. ಆ ಮುಖ ನೋಡಿದರೆ ಹೇಳಲಾಗುವುದಿಲ್ಲವೆಂದು ಅವಳು ಕೌಂಟರಿನ ಹಲಗೆ ನೋಡಿಕೊಂಡು ಹೇಳಿದಳು.

“ಮಾಮ, ಆ ಗೀರು ನನ್ನಿಂದ ಆಗಿದ್ದು. ನನ್ನ ಪೆನ್ನು ತಾಗಿದ್ದು.”

ಮಾಮ ಮುಂದಿನವನಿಗೆ ಬಿಲ್ಲೆ ಕೊಟ್ಟ. ಅದರ ಮುಂದಿನವನಿಗೂ ಕೊಟ್ಟ. ಅವಳಿಗೆ ಅವನು ಕೇಳಿಸಿಕೊಂಡನೋ ಇಲ್ಲವೋ ಎಂದು ಸಂಶಯವಾಯಿತು, ಇನ್ನೊಂದು ಸಲ ಹೇಳುವ ಧೈರ್ಯ ಇರಲಿಲ್ಲ.

“ಯಾವಾಗ ಗೊತ್ತಾಯ್ತು?” ಎಂದ ಮಾಮ, ಅವಳ ಕಡೆ ನೋಡದೆ.

ಇವತ್ತು, ಅಂಗಡಿಯಲ್ಲಿ, ನಿಬ್ಬು ಸವೆದಿದೆ ಅಂತ ತೋರಿಸಿದರು ಎಂಬ ಉತ್ತರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ. ಇವತ್ತು ಅಂತ ಬಾಯಿಂದ ಬಂದೂ ಬಂತು. ಅಲ್ಲಿಗೆ ನಿಲ್ಲಿಸಿದಳು. ಅಲ್ಲ, ಅವತ್ತೇ ಗೊತ್ತಿತ್ತು ಅಂದಳು. ನೀನು ಕೆಮ್ಮೋಕೆ ಆ ಕಡೆ ತಿರುಗಿದಾಗ.

ಮಾಮ ಎರಡೂ ಕೈಯನ್ನು ಕೌಂಟರಿನ ಮೇಲಿಟ್ಟುಕೊಂಡ. ದಪ್ಪ ಬೆರಳುಗಳು, ಉಗುರು ಚಿಕ್ಕದಾಗಿ ಕತ್ತರಿಸಿದವು. ಅವನು ಕೂಗಾಡುತ್ತಾನೆ ಎಂದು ಅವಳು ಕಾದಳು. ಕೂಗಾಡಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು.

“ಮೂರು ವಾರ ಆಯ್ತು ನಾನು ಮೊಮ್ಮಗಳನ್ನ ಎತ್ತಿಕೊಂಡು” ಎಂದ. “ಅದು ಎತ್ಕೋ ಎತ್ಕೋ ಅಂತ ಕಾಲು ಹಿಡ್ಕೊಳ್ಳುತ್ತೆ. ಸೊಂಟ ನೋವು ಅಂತ ಹೇಳ್ತೀನಿ. ಕೈ ಜಾರಿಬಿಟ್ರೆ ಅಂತ ಭಯ. ದಿನಾ ಸಂಜೆ ಲೋಟದ ತುಂಬ ನೀರು ಹಾಕ್ಕೊಂಡು ಹಿಡ್ಕೊಂಡು ಕೂತಿರ್ತೀನಿ, ಚೆಲ್ಲುತ್ತಾ ನೋಡೋಣ ಅಂತ. ಚೆಲ್ಲಲ್ಲ. ಆದ್ರೂ ನಂಬಿಕೆ ಬರಲ್ಲ. ಮೇಡಂ ಬರೆದಿದಾರಲ್ಲ ಅಂದ್ಕೋತೀನಿ.”

ಅವನು ಇದನ್ನು ದೂರುವವನ ಹಾಗೆ ಹೇಳಲಿಲ್ಲ, ಯಾರೋ ಮೂರನೆಯವನ ಕಥೆ ಹೇಳುವಂತೆ ಹೇಳಿದ. ಅವಳಿಗೆ ಕ್ಷಮಿಸು ಎಂಬ ಪದ ಬಂತು, ಆದರೆ ಅದನ್ನು ಈಗ ಹೇಳಿದರೆ ಅವನು ಏನಾದರೂ ಉತ್ತರ ಕೊಡಬೇಕಾಗುತ್ತದೆ, ಅದೂ ಒಂದು ಕೆಲಸವನ್ನು ಅವನ ತಲೆಗೆ ಕಟ್ಟಿದ ಹಾಗೆ ಎಂದು ಸುಮ್ಮನಾದಳು. ಅವಳು ಮೂರು ವಾರ ತನ್ನ ಹೆಸರಿನ ಬಗ್ಗೆ, ಕೆಲಸದ ಬಗ್ಗೆ, ಹೆಚ್ಚೆಂದರೆ ಅವನ ಕೆಲಸದ ಬಗ್ಗೆ ಯೋಚಿಸಿದ್ದಳು. ಮನೆಯಲ್ಲಿ ಕೂತು ತುಂಬಿದ ಲೋಟ ಹಿಡಿದ ಮನುಷ್ಯನೊಬ್ಬ ಅವಳ ಯಾವ ನಕ್ಷೆಯಲ್ಲೂ ಇರಲಿಲ್ಲ. ಮಾಮ ಅವಳ ಚೀಲದ ಕಡೆ ಕೈ ತೋರಿಸಿ, ತಂದಿದ್ದೀರಲ್ಲ ಅದು, ಇಲ್ಲೇ ಬರೀರಿ ಎಂದ. ಮಗಳೇ ಎನ್ನಲಿಲ್ಲ, ನೀವು ಎಂದ. ಹಿಂದೆ ಒಬ್ಬ ಟೈ ಕಟ್ಟಿದವನು ಗಡಿಯಾರ ನೋಡಿಕೊಂಡ. ಸ್ವಲ್ಪ ಕಾಯಿರಿ, ಒಂದು ಕಾಗದದ ಕೆಲಸ ಇದೆ ಎಂದು ಮಾಮ ಸಾಲಿನವರಿಗೆ ಹೇಳಿದ.

ಅವಳು ಟ್ಯಾಬು ತೆರೆದು, ಹಣ್ಣು ಸುಲಿಯುವ ಹೆಂಗಸಿನ ವರದಿಗೆ ಹೋಗಿ, ಹದಿನೇಳನ್ನು ಒತ್ತಿದಳು. ಕಾರಣದಲ್ಲಿ ಮತ್ತೆ ಅದೇ ನಾಲ್ಕು ಉತ್ತರ. ಅದನ್ನು ಬಿಟ್ಟು ಪಕ್ಕದ ಖಾಲಿ ಜಾಗದಲ್ಲಿ ಹೊಸ ಪೆನ್ನಿನಿಂದ ಬರೆದಳು. ಮಾಮ ಟ್ಯಾಬನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದ. ಅವನಿಗೆ ಮನಸ್ಸಿನೊಳಗೆ ಓದಿ ಅಭ್ಯಾಸವಿರಲಿಲ್ಲ, ಒಂದೊಂದೇ ಪದವನ್ನು ಬಾಯಿಬಿಟ್ಟು ಓದಿದ. ಪೆನ್ನಿನ, ತುದಿ, ತಾಗಿ, ಆದ, ಗೀರು. ಪ್ಯಾಕಿಂಗ್, ಸಿಬ್ಬಂದಿಯ, ತಪ್ಪಲ್ಲ. ಸಾಲಿನವರು ಗೊಣಗುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳತೊಡಗಿದರು. ಮಾಮ ಇನ್ನೊಂದು ಸಲ ಮೊದಲಿನಿಂದ ಓದಿದ.

“ಪೆನ್ನು ಯಾರ ಕೈಲಿತ್ತು ಅಂತ ಬರಲಿಲ್ವಲ್ಲ” ಎಂದ.

ಬೇಕೆಂದು ಬಿಟ್ಟಿರಲಿಲ್ಲ. ಇಷ್ಟೆಲ್ಲ ಆದಮೇಲೂ ಕೈ ತಾನಾಗಿ ಅದನ್ನು ಬಿಟ್ಟಿತ್ತು, ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಟ್ಯಾಬನ್ನು ಈಚೆಗೆ ಎಳೆದುಕೊಂಡು ಸೇರಿಸಿದಳು: ಪೆನ್ನು ನನ್ನ ಕೈಯಲ್ಲಿತ್ತು. ಆಗಲೇ ಗೊತ್ತಿದ್ದೂ ಹೇಳಲಿಲ್ಲ. ಮಾಮ ಅದನ್ನೂ ಓದಿದ, ಅಷ್ಟೇ ನಿಧಾನವಾಗಿ, ಅಷ್ಟೇ ಜೋರಾಗಿ. ಟೈ ಕಟ್ಟಿದವನು ಅವಳ ಮುಖ ನೋಡಿ ಬೇರೆ ಕಡೆ ತಿರುಗಿದ. ಗೊಣಗಿದ ಹೆಂಗಸು, ಒಳಗೆ ಹೋಗದೆ ಬಾಗಿಲಲ್ಲೇ ನಿಂತಿದ್ದವಳು, ಮುಖ ತಿರುಗಿಸಲಿಲ್ಲ, ನೋಡುತ್ತಲೇ ಇದ್ದಳು.

ಕೆಳಗೆ ಎಂದಿನಂತೆ ಎರಡು ರುಜುವಿಗೆ ಎರಡು ಖಾನೆ ತೆರೆದುಕೊಂಡವು. ಅವಳು ಪೆನ್ನನ್ನು ಮಾಮನ ಕಡೆ ಚಾಚಿದಳು. ಮೊದಲು ಅವನು, ಆಮೇಲೆ ಅವಳು, ಇಷ್ಟು ವರ್ಷ ಹಾಗೇ ನಡೆದು ಬಂದಿತ್ತು. ಅವನು ತೆಗೆದುಕೊಳ್ಳಲಿಲ್ಲ.

“ಇದಕ್ಕೆ ನನ್ನ ರುಜು ಯಾಕೆ? ನಾನೇನು ಮಾಡಿದೀನಿ” ಎಂದ. “ನಿಮ್ಮೊಬ್ಬರದೇ ಸಾಕು.”

ಅವಳು ಹಲಗೆಯ ಮೇಲೆ ಬಗ್ಗಿದಳು. ಬೆನ್ನ ಮೇಲೆ ಅಷ್ಟೂ ಜನರ ಕಣ್ಣಿತ್ತು. ಪೆನ್ನು ಎಲ್ಲೂ ತಡವರಿಸಲಿಲ್ಲ, ಗೀಟು ಎಲ್ಲೂ ನಡುಗಲಿಲ್ಲ. ರುಜು ಎಂದಿನಂತೆ ಅಚ್ಚು ಹಾಕಿದ ಹಾಗೆ ಚೆಂದವಾಗಿಯೇ ಬಂತು. ಅದಕ್ಕೂ ಅವಳಿಗೆ ನಾಚಿಕೆಯಾಯಿತು.